ನಿಷ್ಠೆಯೂ ಹಟವೂ

ಹಿಡಿದ ವ್ರತವನ್ನು ಬಿಡದಿರುವುದು ನಿಷ್ಠೆ. ಆದರೆ ಬಿಡದಿರುವುದೆಲ್ಲವೂ ನಿಷ್ಠೆಯೆ? ಸದ್ಭಕ್ತನೂ ಹಿಡಿದುದನ್ನು ಬಿಡನು, ಹಟವಾದಿಯೂ ಬಿಡನು. ಹೊರನೋಟಕ್ಕೆ ಇಬ್ಬರೂ ಸಮಾನರಾಗಿ ತೋರುವರು. ಇವರ ಅಂತರವನ್ನರಿಯದ ಸಂಸಾರಿಯು ಎಷ್ಟೋ ವೇಳೆ ತನ್ನ ಹಟಕ್ಕೆ ನಿಷ್ಠೆಯೆಂದು ಹೆಸರಿಟ್ಟು, ತನ್ನನ್ನು ನಂಬಿದವರನ್ನು ಕಷ್ಟಕ್ಕೆ ಗುರಿಮಾಡುವನು. ಆದುದರಿಂದ ಈ ವಿಷಯವು ವಿಚಾರಣೀಯವಾಗಿದೆ.

ಶರಣಮಾರ್ಗದವರಿಗೆ ದೋಣಿಯ ದೃಷ್ಟಾಂತವು ಹೊಸದಲ್ಲ. 12ನೆಯ ಶತಮಾನದ ಅಂಬಿಗರ ಚೌಡಯ್ಯನವರು ದೋಣಿಯ ಕಾಯಕವನ್ನು ಮಾಡುತ್ತ ತಮ್ಮ ಹೆಸರನ್ನೇ ವಚನಗಳ ಅಂಕಿತವಾಗಿಸಿದರು. ದೂರದೇಶದ ಒಂದು ದೋಣಿಯಾನವೂ ಈ ವಿಚಾರಕ್ಕೆ ಒದಗುವುದು. ಅಮೆರಿಕೆಯ ಮಿನೆಸೋಟ ರಾಜ್ಯದ ಉತ್ತರದಂಚಿನಲ್ಲಿ, ಕೆನಡಾದ ಎಲ್ಲೆಗೆ ತಾಗಿದಂತೆ, ಹತ್ತು ಲಕ್ಷ ಎಕರೆಗೂ ಮಿಕ್ಕ ಅರಣ್ಯವುಂಟು. ಅದರೊಳಗೆ ಸಾವಿರಕ್ಕೂ ಹೆಚ್ಚು ಸರೋವರಗಳುಂಟು. 1964 ಮತ್ತು 1978ರ ಶಾಸನಗಳು ಅದನ್ನು ರಕ್ಷಿಸುತ್ತಿವೆ. ಅಲ್ಲಿನ ಬಹುಭಾಗದಲ್ಲಿ ಯಂತ್ರದೋಣಿಗೆ ಪ್ರವೇಶವಿಲ್ಲ. ಯಾತ್ರಿಕರು ಕೆನೂ ಎಂಬ ಹಗುರವಾದ ಕಿರುದೋಣಿಯನ್ನು ಹುಟ್ಟಿನಿಂದ ನಡೆಸುವರು. ಒಂದು ಸರೋವರದಿಂದ ಇನ್ನೊಂದಕ್ಕೆ ಅದನ್ನು ಹೆಗಲ ಮೇಲೆ ಹೊತ್ತು ನಡೆಯುವರು.

ಇಬ್ಬರು ಇಂತಹ ದೋಣಿಯಲ್ಲಿ ಹೊರಟರೆನ್ನೋಣ. ಮುಂದೆ ಕುಳಿತವನು ಬಲ ಕೊಡುವನು. ಹಿಂದೆ ಕುಳಿತವನು ದಿಕ್ಕು ಕಾಯುವನು. ಪ್ರಾತಃಕಾಲದಲ್ಲಿ ನೀರು ಕನ್ನಡಿಯಂತಿರುವುದು. ಹೊತ್ತೇರಿದಂತೆ ಎದುರುಗಾಳಿಯು ಏಳುವುದು. ಆಗ ಕ್ಷಣಕಾಲ ಕೈ ನಿಲ್ಲಿಸಿದರೂ ದೋಣಿಯು ಹಿಂದಕ್ಕೆ ಸರಿಯುವುದು. ಮುಂತುದಿ ಹಗುರವಾಗಿದ್ದರೆ ಗಾಳಿಯು ಅದನ್ನು ಹಿಡಿದು ತಿರುಗಿಸುವುದರಿಂದ ಹೊರೆಯನ್ನು ಸ್ವಲ್ಪ ಮುಂದಕ್ಕೆ ಸರಿಸುವರು. ಮೊಣಕಾಲೂರಿ ಕುಳಿತು ದೇಹಭಾರವನ್ನು ತಗ್ಗಿಸುವರು. ಗಾಳಿಗೆ ಮರೆಯಾದ ದಡವನ್ನು ಅನುಸರಿಸುವರು. ಇಷ್ಟರವರೆಗೆ ಬಿಡದೆ ದುಡಿಯುವುದೇ ಧರ್ಮ. ತೋಳು ನೋಯುವುದೆಂದು ಕೈಚೆಲ್ಲುವುದು ಆಲಸ್ಯವೇ ಸರಿ.

ಆದರೆ ದಡದ ಮರೆ ಮುಗಿದು, ಮುಂದಿನ ಬಯಲು ನೀರಿನಲ್ಲಿ ಅಲೆಗಳ ನೆತ್ತಿಯು ಬಿಳಿನೊರೆಯಾಗಿ ಒಡೆಯುತ್ತಿರುವಾಗ ಮಾಡತಕ್ಕದ್ದೇನು? ಇಂದಿನ ಬಿಡಾರವು ಆಚೆಯ ದಡದಲ್ಲೇ ಎಂದು ಬೆಳಿಗ್ಗೆ ಸಂಕಲ್ಪಿಸಿದ್ದುಂಟು. ಹಿಮ ಕರಗಿದ ವಸಂತದ ಆ ನೀರೋ, ಈಜು ಬಲ್ಲವನ ಕೈಕಾಲುಗಳನ್ನೂ ಅಲ್ಪಕಾಲದಲ್ಲಿ ಮರಗಟ್ಟಿಸುವಷ್ಟು ಶೀತಲವಾದುದು. ದಿಕ್ಕು ಹಿಡಿದವನ ಸಂಕಲ್ಪಕ್ಕೆ ಮುಂದೆ ಕುಳಿತವನ ಪ್ರಾಣವೂ ಒತ್ತೆಯಾಗುವುದು. ಇಂತಹ ಹೊತ್ತಿನಲ್ಲಿ ಆಲಸಿಯು ತನ್ನ ತೋಳನ್ನು ನೋಡುವನು. ಹಟವಾದಿಯು ತಾನಾಡಿದ ಮಾತನ್ನು ನೋಡುವನು. ವಿವೇಕಿಯು ನೀರನ್ನೂ ಜೊತೆಗಾರನನ್ನೂ ನೋಡಿ ದೋಣಿಯನ್ನು ದಡಕ್ಕೆ ತಿರುಗಿಸುವನು.

ಇದು ಹೇಡಿತನವಲ್ಲವೆ ಎಂದು ಕೇಳಬಹುದು. 18ನೆಯ ಶತಮಾನದಲ್ಲಿ ತುಪ್ಪುಳುದೊಗಲಿನ ವ್ಯಾಪಾರಕ್ಕಾಗಿ ಇದೇ ಜಲಮಾರ್ಗದಲ್ಲಿ ಭೂರ್ಜದ ತೊಗಟೆಯ ದೋಣಿಗಳನ್ನು ನಡೆಸಿದ ಫ್ರೆಂಚ್ ಮಾತಿನ ಅಂಬಿಗರು ಸಾಮಾನ್ಯರಲ್ಲ. ಸುಮಾರು 90 ಪೌಂಡು ತೂಕದ ಮೂಟೆಗಳನ್ನು ಎರಡೆರಡಾಗಿ ಹೊತ್ತು ನಡೆದ ಶ್ರಮಜೀವಿಗಳವರು. ಅವರೂ ದೊಡ್ಡ ಸರೋವರಗಳಲ್ಲಿ ಗಾಳಿ ಕೆರಳಿದಾಗ ದಡ ಸೇರಿ ಕಾದರು. ಶಾಂತವಾದಾಗ ಬೆಳಕು ಹರಿಯುವ ಮುನ್ನವೇ ಹೊರಟರು. ಸೇರಬೇಕಾದ ಸ್ಥಾನವನ್ನು ಅವರು ಬಿಡಲಿಲ್ಲ. ಸೇರುವ ಹೊತ್ತನ್ನು ಮಾತ್ರ ಬಿಟ್ಟುಕೊಟ್ಟರು.

ಷಟ್‌ಸ್ಥಲದ ಕ್ರಮವೂ ಇದನ್ನೇ ಬೋಧಿಸುವಂತಿದೆ. ಭಕ್ತಸ್ಥಲಕ್ಕೆ ಶ್ರದ್ಧೆ, ಮಾಹೇಶ್ವರಸ್ಥಲಕ್ಕೆ ನಿಷ್ಠೆ, ಅದರ ಮುಂದಿನ ಪ್ರಸಾದಿಸ್ಥಲಕ್ಕೆ ಅವಧಾನ. ನಿಷ್ಠೆಯು ಮಾರ್ಗದ ಕೊನೆಯಲ್ಲ. ಅದು ಅವಧಾನವಾಗಿ ಪಕ್ವವಾಗಬೇಕು. ಅವಧಾನವಿಲ್ಲದ ನಿಷ್ಠೆಯಲ್ಲಿ ‘ನಾನು’ ಎಂಬುದು ಅಡಗಿ ಕುಳಿತಿರುವುದು. ಬಂದುದನ್ನು ಪ್ರಸಾದವೆಂದು ಕೊಳ್ಳುವವನಿಗೆ ಎದುರುಗಾಳಿಯೂ ಪ್ರಸಾದ, ಕಾಯುವ ದಿನವೂ ಪ್ರಸಾದ.

ಗೃಹಸ್ಥನ ದೋಣಿಯಲ್ಲಿ ಮಡದಿ ಮಕ್ಕಳು ಕುಳಿತಿರುವರು. ಹೊಲದ ಬದುವಿನ ವ್ಯಾಜ್ಯವನ್ನು ಸೋಲಲಾರೆನೆಂದು ವರುಷಾನುಗಟ್ಟಲೆ ನಡೆಸಿ ಮನೆಯನ್ನೇ ಬರಿದುಮಾಡುವವನು, ಹತ್ತು ಜನರೆದುರು ಆಡಿದ ಮಾತಿಗಾಗಿ ಸಾಲ ತಂದು ಮಗಳ ಮದುವೆಯನ್ನು ಮೆರೆಸುವವನು, ಬಯಲು ನೀರಿಗೆ ದೋಣಿ ನೂಕಿದವರೇ ಅಲ್ಲವೆ? ಲಿಂಗನಿಷ್ಠೆ, ಸತ್ಯಶುದ್ಧ ಕಾಯಕ, ದಾಸೋಹ ಇವು ಸೇರಬೇಕಾದ ದಡ; ಪ್ರಾಣಾಂತದವರೆಗೂ ಇವನ್ನು ಬಿಡಲಾಗದು. ಉಳಿದುದೆಲ್ಲ ಹೊತ್ತಿನ ಮಾತು. ಗಾಳಿ ಬಲಿತಾಗ ಸದ್ಭಕ್ತನು ಮೊದಲು ದೋಣಿಯಲ್ಲಿರುವವರ ಮುಖವನ್ನು ನೋಡಲಿ. ಹುಟ್ಟು ಹಾಕಬೇಕೋ ಕಾಯಬೇಕೋ ಎಂಬುದು ಆಗ ತಾನಾಗಿ ತಿಳಿಯುವುದು.