ಆರಿಸಿಕೊಳ್ಳದ ನಿಷ್ಠೆ

ತಾನು ಆರಿಸಿಕೊಳ್ಳದ ಬಂಧನಕ್ಕೆ ಮನುಷ್ಯನು ನಿಷ್ಠನಾಗಿರುವುದು ಸದ್ಗುಣವೋ, ಬರಿಯ ಅಭ್ಯಾಸಬಲವೋ? ದೇಶಭಕ್ತಿಯ ಸಂದರ್ಭದಲ್ಲಿ ಈ ಪ್ರಶ್ನೆಯನ್ನೆತ್ತುವುದು ವಾಡಿಕೆ. ಆದರೆ ದೇಶವೆಂಬುದು ಬಲು ದೊಡ್ಡ ಮಾತು; ಅದರ ಸದ್ದಿನಲ್ಲಿ ವಿಚಾರದ ದನಿ ಅಡಗಿಹೋಗುತ್ತದೆ. ಒಂದು ಹಳ್ಳಿಯ ಚೆಂಡಾಟದ ಸಂಘವನ್ನು ಎದುರಿಗಿಟ್ಟುಕೊಂಡು ನೋಡೋಣ.

ಐರ್ಲೆಂಡಿನ ಟಿಪ್ಪೆರರಿ ಕೌಂಟಿಯಲ್ಲಿ, ಸ್ಲೀವ್‌ನಮಾನ್ ಬೆಟ್ಟದ ಸೀಮೆಯಲ್ಲಿ, ಗ್ರೇಂಜ್‌ಮಾಕ್ಲರ್ ಎಂಬ ಪುಟ್ಟ ಹಳ್ಳಿಯಿದೆ. ಕೌಂಟಿಯ ಕೀರ್ತಿಯೆಲ್ಲ ಹರ್ಲಿಂಗ್ ಎಂಬ ಕೋಲಾಟಕ್ಕೆ ಸಂದದ್ದು. ಈ ಊರಿನ ಒಲವು ಮಾತ್ರ ಗೇಲಿಕ್ ಫುಟ್‌ಬಾಲಿನ ಕಡೆಗೆ. ಕಡೆಗೆ 15 ಜನ. ಕಾಲಿನಂತೆ ಕೈಗೂ ಇಲ್ಲಿ ಕೆಲಸವುಂಟು. ಚೆಂಡು ಅಡ್ಡಪಟ್ಟಿಯ ಮೇಲೆ ಹಾರಿದರೂ ಅಂಕ ಸಿಗುತ್ತದೆ. 1884ರಲ್ಲಿ ಅದೇ ಕೌಂಟಿಯ ಥರ್ಲ್ಸ್ ಪಟ್ಟಣದ ಒಂದು ಹೋಟೆಲಿನಲ್ಲಿ ಹುಟ್ಟಿದ ಗೇಲಿಕ್ ಅಥ್ಲೆಟಿಕ್ ಅಸೋಸಿಯೇಷನ್ ಈ ಆಟಗಳಿಗೆ ಕಟ್ಟುಪಾಡುಗಳನ್ನು ಹಾಕಿತು. ಹಳ್ಳಿಯ ಸಂಘದ ತಳಹದಿ ಪ್ಯಾರಿಷ್, ಅಂದರೆ ಒಂದು ಇಗರ್ಜಿಯ ಎಲ್ಲೆ. ಎಷ್ಟೇ ಸಮರ್ಥನಾದರೂ ಆಟಗಾರ ತನ್ನ ಸೀಮೆಯ ಅಂಗಿಯನ್ನೇ ತೊಡಬೇಕೆಂಬುದು ರೂಢಿ. ಆಡಿದ್ದಕ್ಕೆ ಸಂಬಳವಿಲ್ಲ. ಹಣವಂತ ಸಂಘವೊಂದು ಬಡ ಸಂಘದ ಹುಡುಗನನ್ನು ಕೊಂಡುಕೊಳ್ಳುವ ಮಾತೇ ಇಲ್ಲ.

ಇಂಥ ಒಬ್ಬ ಹುಡುಗ ಮೈಕೇಲ್ ಹೋಗನ್. 1920ರ ನವೆಂಬರ್ 21ರಂದು ಡಬ್ಲಿನ್ನಿನ ಕ್ರೋಕ್ ಪಾರ್ಕಿನಲ್ಲಿ ಅವನು ಟಿಪ್ಪೆರರಿಯ ಪರವಾಗಿ ಆಡುತ್ತಿದ್ದ. ಆ ಬೆಳಿಗ್ಗೆ ಐರಿಷ್ ಬಂಡಾಯಗಾರರು ನಗರದಲ್ಲಿ ಬ್ರಿಟಿಷ್ ಗುಪ್ತಚರರನ್ನು ಕೊಂದಿದ್ದರು. ಮಧ್ಯಾಹ್ನ ಸರ್ಕಾರದ ಪಡೆ ಮೈದಾನಕ್ಕೆ ನುಗ್ಗಿ ಗುಂಡು ಹಾರಿಸಿತು. ಸತ್ತವರು 14 ಮಂದಿ; ಅವರಲ್ಲಿ ಆಟಗಾರನೆಂದರೆ ಹೋಗನ್ ಒಬ್ಬನೇ. ಕ್ರೋಕ್ ಪಾರ್ಕಿನ ಒಂದು ಪ್ರೇಕ್ಷಕಾಗಾರಕ್ಕೆ ಅವನ ಹೆಸರಿದೆ. ದೇಹ ಮಾತ್ರ ಗ್ರೇಂಜ್‌ಮಾಕ್ಲರಿನ ಮಣ್ಣಿನಲ್ಲಿದೆ.

ಇಷ್ಟರಿಂದ ಊರಿನ ನಿಷ್ಠೆ ಪವಿತ್ರವಾಯಿತೇ? ಅವಸರ ಬೇಡ. ಅದೇ ಸಂಸ್ಥೆ ತನ್ನ ಸದಸ್ಯರು ಸಾಕರ್, ರಗ್ಬಿಯಂಥ ಪರಕೀಯ ಆಟಗಳನ್ನು ಆಡಕೂಡದು, ನೋಡಲೂ ಕೂಡದು ಎಂದು ಬಹುಕಾಲ ನಿಷೇಧಿಸಿತ್ತು. ಐರಿಷ್ ಭಾಷೆಗಾಗಿ ಬಾಳನ್ನೇ ಸವೆಸಿದ ಡಗ್ಲಸ್ ಹೈಡ್, ರಾಷ್ಟ್ರಾಧ್ಯಕ್ಷರಾಗಿದ್ದಾಗ ಒಂದು ಸಾಕರ್ ಪಂದ್ಯಕ್ಕೆ ಹೋದರೆಂದು, 1938ರಲ್ಲಿ ಅವರನ್ನು ಪೋಷಕ ಸ್ಥಾನದಿಂದಲೇ ತೆಗೆದುಹಾಕಿತು. (ಭಾಷಾಭಿಮಾನಿಗಳಾದ ನಾವು ಈ ಸಂಗತಿಯನ್ನು ಸ್ವಲ್ಪ ಹೊತ್ತು ಮನಸ್ಸಿನಲ್ಲಿಟ್ಟುಕೊಳ್ಳುವುದು ಒಳ್ಳೆಯದು.) ನಿಷೇಧ ತೊಲಗಿದ್ದು 1971ರಲ್ಲಿ.

ನನಗೆ ತೋರುವ ಭೇದ ಇದು. ಪ್ಯಾರಿಷಿನ ಕಟ್ಟು ‘ನೀನು ನಮ್ಮವನು, ಬಾ’ ಎನ್ನುತ್ತದೆ. ಪಕ್ಕದೂರಿಗೂ ಅದೇ ಹಕ್ಕನ್ನು ಕೊಡುತ್ತದೆ. ನಿಷೇಧವಾದರೋ ‘ಅತ್ತ ನೋಡಿದೆಯೋ, ನಮ್ಮವನಲ್ಲ’ ಎಂದು ಗದರಿಸುತ್ತದೆ. ಮೊದಲನೆಯದು ಋಣ, ಎರಡನೆಯದು ಅಂಜಿಕೆ. ಋಣವನ್ನು ನಾವು ಆರಿಸಿಕೊಂಡಿರುವುದಿಲ್ಲ, ನಿಜ. ಆದರೆ ಅದನ್ನು ತೀರಿಸುವ ಬಗೆ ನಮ್ಮ ಕೈಯಲ್ಲಿದೆ. ನೀತಿಯ ಮಾತು ಹುಟ್ಟುವುದೇ ಅಲ್ಲಿ.

ಊರು ಚಿಕ್ಕದಾದರೆ ಋಣದ ಲೆಕ್ಕವೂ ತೊಡಕಾಗುತ್ತದೆ. ಹುಡುಗರು ಓದಿಗೆ, ದುಡಿಮೆಗೆ ಹೊರಟುಹೋದರೆ 15 ಮಂದಿಯನ್ನು ಎಲ್ಲಿಂದ ತರುವುದು? ಗ್ರೇಂಜ್‌ಮಾಕ್ಲರ್ ಸಂಘದ ಹೆಸರಿಗೆ ಈಗ ನೆರೆಯ ಬ್ಯಾಲಿನೀಲಿನ ಹೆಸರೂ ಕೂಡಿಕೊಂಡಿದೆ. ಹೀಗೆ ಕೂಡಿದ್ದನ್ನು ನಿಷ್ಠೆಯ ಸೋಲೆಂದು ಕರೆಯಲು ನನಗೆ ಮನಸ್ಸು ಬಾರದು.

2020ರ ನವೆಂಬರ್ 22ರಂದು ಟಿಪ್ಪೆರರಿ ತಂಡ ಕಾರ್ಕ್ ತಂಡವನ್ನು ಸೋಲಿಸಿ, 1935ರ ತರುವಾಯ ಮೊದಲ ಬಾರಿಗೆ ಮನ್ಸ್‌ಟರ್ ಪ್ರಾಂತದ ಫುಟ್‌ಬಾಲ್ ಪ್ರಶಸ್ತಿಯನ್ನು ಗೆದ್ದಿತು. ಸಾಂಕ್ರಾಮಿಕದ ದಿನಗಳು, ಮೈದಾನದ ಸುತ್ತ ಜನವಿರಲಿಲ್ಲ. ಕೌಂಟಿಯ ಬಣ್ಣ ನೀಲಿ ಮತ್ತು ಹೊನ್ನು. ಅಂದು ಆಟಗಾರರು ತೊಟ್ಟದ್ದು ಬಿಳಿ ಹಸುರಿನ ಅಂಗಿ, ಗ್ರೇಂಜ್‌ಮಾಕ್ಲರಿನದು.