ಪಾದ ಒಡ್ಡುವ ದೀನತೆ

ಪವಿತ್ರ ಗುರುವಾರದ ಸಂಜೆ ದೇವಾಲಯದಲ್ಲಿ ಪಾದ ತೊಳೆಯುವ ವಿಧಿಯನ್ನು ನೀವು ಪ್ರತಿವರ್ಷವೂ ನೋಡುತ್ತೀರಿ. ಗುರುಗಳು ಮೊಣಕಾಲೂರಿ ನೀರು ಹುಯ್ಯುತ್ತಾರೆ, ಟವೆಲಿನಿಂದ ಒರೆಸುತ್ತಾರೆ. ಅವರ ದೀನತೆಯನ್ನು ಮೆಚ್ಚಿಕೊಂಡು ನಾವು ಮನೆಗೆ ಹೋಗುತ್ತೇವೆ. ಆದರೆ ಎದುರಿಗೆ ಕುಳಿತು ಪಾದ ಒಡ್ಡಿದವರಿಗೂ ದೀನತೆ ಬೇಕೆಂಬುದು ಎಷ್ಟು ಜನರಿಗೆ ಹೊಳೆದಿದೆ? ನನಗಂತೂ ಹೊಳೆದಿರಲಿಲ್ಲ.

ನಮ್ಮ ಮಾವನವರು ಕೋಲಾರ ಚಿನ್ನದ ಗಣಿಯಲ್ಲಿ ದುಡಿದವರು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಕೆಲವು ವರ್ಷಗಳ ನಂತರ ಅವರು ಬಂಗಾರಪೇಟೆಯ ನಮ್ಮ ಮನೆಗೆ ಬಂದರು. ಬೂಟಿನೊಳಗೆ ಬೆವರಿ, ಉಜ್ಜಿ, ಒತ್ತಿ ಅವರ ಅಂಗಾಲು ಹಲಗೆಯಂತೆ ಗಟ್ಟಿಯಾಗಿತ್ತು. ಜೊತೆಗೆ ಸಕ್ಕರೆ ಕಾಯಿಲೆ. ಒಂದು ವರ್ಷ ಪವಿತ್ರ ಗುರುವಾರಕ್ಕೆ ಹನ್ನೆರಡು ಮಂದಿಯಲ್ಲಿ ಒಬ್ಬರಾಗಿ ಬನ್ನಿ ಎಂದು ಗುರುಗಳು ಕರೆದಾಗ, "ನಾನು ಯೋಗ್ಯನಲ್ಲ ಸ್ವಾಮಿ, ಬೇರೆಯವರನ್ನು ಕರೆಯಿರಿ" ಎಂದುಬಿಟ್ಟರು. ಎಂಥ ವಿನಯ ಎಂದುಕೊಂಡೆವು. ಪಾಸ್ಕ ಹಬ್ಬ ಕಳೆದ ವಾರ ಕೋಣೆಯಲ್ಲಿ ಕೆಟ್ಟ ವಾಸನೆ ಬಂದಾಗ ನಿಜ ತಿಳಿಯಿತು. ಹೆಬ್ಬೆರಳ ಕೆಳಗಿನ ಗಟ್ಟಿ ಚರ್ಮವನ್ನು ಅವರು ಕ್ಷೌರದ ಬ್ಲೇಡಿನಿಂದ ಕೆತ್ತಿದ್ದರು. ಗಾಯವಾಗಿತ್ತು, ನೋವಿರಲಿಲ್ಲ. ಕಾಲುಚೀಲ ಹಾಕಿ ಮುಚ್ಚಿಟ್ಟಿದ್ದರು. ಕೊನೆಗೆ ಆ ಬೆರಳನ್ನೇ ತೆಗೆಯಬೇಕಾಯಿತು.

"ಮೊದಲೇ ಯಾಕೆ ಹೇಳಲಿಲ್ಲ ಮಾವ?" ಎಂದು ಕೇಳಿದೆ. "ಸೊಸೆಗೆ ಕಾಲು ತೋರಿಸುವುದು ಹೇಗಮ್ಮ?" ಎಂದರು.

ತಪ್ಪು ಯಾರದು? ದಿನವೂ ಅವರಿಗೆ ಊಟ ಬಡಿಸಿದ್ದೇನೆ, ಅವರ ಪಕ್ಕದಲ್ಲಿ ಕುಳಿತು ಜಪಸರ ಹೇಳಿದ್ದೇನೆ. ಒಂದು ದಿನವೂ ಅವರ ಪಾದ ನೋಡಿರಲಿಲ್ಲ. ನಮ್ಮ ಮನಸ್ಸಿನಲ್ಲಿ ಎರಡು ನಂಬಿಕೆಗಳು ಬೇರೂರಿವೆ. ಮೈಯನ್ನು ನೋಡಿಕೊಳ್ಳುವುದು ಶೋಕಿ ಎಂಬುದು ಒಂದು. ಬಾಧೆಯನ್ನು ಯಾರಿಗೂ ಹೇಳದೆ ನುಂಗಿಕೊಳ್ಳುವುದು ಪುಣ್ಯ ಎಂಬುದು ಇನ್ನೊಂದು. ಇವೆರಡೂ ಶುಭಸಂದೇಶದಿಂದ ಬಂದವೇ ಎಂದು ನಾವು ಕೇಳಿಕೊಳ್ಳಬೇಕು.

ನಮ್ಮ ಕಷ್ಟವನ್ನು ಯೇಸುಸ್ವಾಮಿಯ ಶಿಲುಬೆಯೊಡನೆ ಒಪ್ಪಿಸುವುದು ಒಳ್ಳೆಯದೇ. ಆದರೆ ತಪ್ಪಿಸಬಹುದಾದ ಕೇಡನ್ನು ಬೆಳೆಯಲು ಬಿಡುವುದು ಒಪ್ಪಿಸುವಿಕೆಯಲ್ಲ, ಅಲಕ್ಷ್ಯ. ಅದಲ್ಲದೆ ನೋವೇ ಇಲ್ಲದ ಗಾಯದಲ್ಲಿ ಸಹಿಸಿಕೊಳ್ಳಲು ಏನಿದೆ? ಮೊಲೊಕಾಯ್ ದ್ವೀಪದ ಕುಷ್ಠರೋಗಿಗಳ ಸೇವೆ ಮಾಡಿದ ಸಂತ ದಾಮಿಯನರು 1884ರಲ್ಲಿ ಒಂದು ದಿನ ಕುದಿಬಿಸಿ ನೀರಿಗೆ ಕಾಲಿಟ್ಟರು. ಚರ್ಮ ಬೊಬ್ಬೆ ಎದ್ದಿತು, ಅವರಿಗೆ ಗೊತ್ತಾಗಲಿಲ್ಲ. ರೋಗ ತಮಗೂ ತಗುಲಿದೆಯೆಂದು ಅವರು ಅರಿತದ್ದು ಹೀಗೆ. 1946ರಲ್ಲಿ ನಮಗೆ ಹತ್ತಿರದ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿಗೆ ಬಂದ ಡಾಕ್ಟರ್ ಪಾಲ್ ಬ್ರ್ಯಾಂಡ್, ಕುಷ್ಠರೋಗಿಗಳ ಬೆರಳುಗಳು ತಾವಾಗಿ ಕೊಳೆತು ಬೀಳುವುದಿಲ್ಲ, ನೋವು ತಿಳಿಯದ್ದರಿಂದ ಗಾಯದ ಮೇಲೆ ಗಾಯವಾಗಿ ಹಾಳಾಗುತ್ತವೆ ಎಂದು ತೋರಿಸಿಕೊಟ್ಟರು. ನೋವೂ ದೇವರ ವರವೇ ಎಂಬುದು ಅವರ ಮಾತಾಗಿತ್ತು. ಬಹುಕಾಲದ ಸಕ್ಕರೆ ಕಾಯಿಲೆಯೂ ಪಾದದ ನರಗಳನ್ನು ಹೀಗೆಯೇ ಮಂಕಾಗಿಸುತ್ತದೆ. ದೇಹದ ಗಂಟೆ ಬಾರಿಸುವುದನ್ನು ನಿಲ್ಲಿಸಿದಾಗ ಇನ್ನೊಬ್ಬರ ಕಣ್ಣು ಆ ಗಂಟೆಯಾಗಬೇಕು. ಕಣ್ಣು ಕೈಗೆ, ತಲೆ ಕಾಲಿಗೆ 'ನೀನು ಬೇಡ' ಎನ್ನಲಾಗದೆಂದು ಸಂತ ಪೌಲರು ಕೊರಿಂಥದವರಿಗೆ ಬರೆದದ್ದು ಧರ್ಮಸಭೆಯ ಬಗ್ಗೆ. ಆದರೆ ಮನೆಯೂ ಒಂದು ಪುಟ್ಟ ಧರ್ಮಸಭೆಯಲ್ಲವೇ?

ಹಾಗಾದರೆ ಏನು ಮಾಡಬೇಕು? ಗಟ್ಟಿ ಚರ್ಮ ಶತ್ರುವಲ್ಲ. ಒತ್ತಡ ಬೀಳುವ ಕಡೆ ದೇಹವೇ ಕಟ್ಟಿಕೊಂಡ ಗೋಡೆ ಅದು. ಚಪ್ಪಲಿ ಸರಿಯಿಲ್ಲದಿದ್ದರೆ ಎಷ್ಟು ತೆಗೆದರೂ ಮತ್ತೆ ಬೆಳೆಯುತ್ತದೆ. ಬ್ಲೇಡು, ಚಾಕು, ಕತ್ತರಿಗಳನ್ನು ಪಾದಕ್ಕೆ ತಾಗಿಸಲೇಬೇಡಿ. ಆರೋಗ್ಯವಂತರು ಉಗುರುಬೆಚ್ಚಗಿನ ನೀರಿನಲ್ಲಿ ಐದು ಹತ್ತು ನಿಮಿಷ ಕಾಲಿಟ್ಟು, ಕಾಲು ಉಜ್ಜುವ ಕಲ್ಲಿನಿಂದ ಹಗುರವಾಗಿ ಉಜ್ಜಬಹುದು. ಒಂದೇ ದಿನಕ್ಕೆ ಎಲ್ಲವನ್ನೂ ತೆಗೆಯಲು ಹೋಗಬೇಡಿ. ಉರಿ ಕಂಡರೆ ನಿಲ್ಲಿಸಿ. ಬಳಿಕ ಬೆರಳ ಸಂದುಗಳನ್ನು ಚೆನ್ನಾಗಿ ಒರೆಸಿ, ಹಿಮ್ಮಡಿಗೆ ವ್ಯಾಸಲೀನನ್ನೋ ಯೂರಿಯಾ ಇರುವ ಕ್ರೀಮನ್ನೋ ಹಚ್ಚಿ. ಸಂದುಗಳಿಗೆ ಮಾತ್ರ ಹಚ್ಚಬೇಡಿ.

ಸಕ್ಕರೆ ಕಾಯಿಲೆಯವರ ವಿಷಯ ಬೇರೆ. ಅವರು ಪಾದಗಳನ್ನು ನೀರಿನಲ್ಲಿ ನೆನೆಸಿಡದೆ ತೊಳೆದು ಒರೆಸಿಕೊಂಡರೆ ಸಾಕು. ನೀರಿನ ಬಿಸಿಯನ್ನು ಕಾಲಿನಿಂದಲ್ಲ, ಮೊಣಕೈಯಿಂದ ನೋಡಿ, ಇಲ್ಲವೇ ಮನೆಯವರಿಂದ ನೋಡಿಸಿ. ಗಟ್ಟಿ ಚರ್ಮವನ್ನೂ ಆಣಿಯನ್ನೂ ಡಾಕ್ಟರಿಂದಲೇ ತೆಗೆಸಿಕೊಳ್ಳಿ. ಅಂಗಡಿಯಲ್ಲಿ ಸಿಗುವ ಆಣಿಯ ಪಟ್ಟಿಯಲ್ಲಿ ಚರ್ಮವನ್ನು ಸುಡುವ ಆಮ್ಲವಿರುತ್ತದೆ, ಅದು ಬೇಡ. ಮನೆಯೊಳಗೂ ಬರಿಗಾಲಲ್ಲಿ ನಡೆಯಬೇಡಿ. ಚಪ್ಪಲಿಯನ್ನು ಕೊಡವಿ ಮೆಟ್ಟಿಕೊಳ್ಳಿ. ಪ್ರತಿದಿನ ಅಂಗಾಲನ್ನು ಕನ್ನಡಿಯಲ್ಲಿ ನೋಡಿಕೊಳ್ಳಿ. ಗಾಯ, ಕೆಂಪು, ಊತ, ಕೀವು, ಕಪ್ಪು ಬಣ್ಣ ಇವುಗಳಲ್ಲಿ ಯಾವುದು ಕಂಡರೂ ನೋವಿಲ್ಲವೆಂದು ಸುಮ್ಮನಿರದೆ ಅಂದೇ ಡಾಕ್ಟರಲ್ಲಿಗೆ ಹೋಗಿ.

ಇಷ್ಟನ್ನೂ ಯಾರಾದರೂ ಹೇಳಿಕೊಡಬಹುದು. ಕಷ್ಟವಿರುವುದು ಪಾದ ಚಾಚುವುದರಲ್ಲಿ. ಸಂತ ಯೊವಾನ್ನರ ಶುಭಸಂದೇಶದ 13ನೇ ಅಧ್ಯಾಯವನ್ನು ತೆಗೆದು ನೋಡಿ. ಪ್ರಭು ತನ್ನ ಪಾದ ತೊಳೆಯಕೂಡದೆಂದು ಪೇತ್ರ ಹಟ ಹಿಡಿದ. ಅದು ನೋಡಲು ಭಕ್ತಿಯೇ. ಪ್ರಭು ಅದನ್ನು ಮೆಚ್ಚಲಿಲ್ಲ. ತೊಳೆಸಿಕೊಳ್ಳದಿದ್ದರೆ ತನ್ನೊಡನೆ ನಿನಗೆ ಪಾಲಿಲ್ಲ ಎಂದರು. ಕೊಡುವವನಾಗಿಯೇ ಇರಬೇಕೆಂಬ ಹಟದೊಳಗೆ ಅಹಂಕಾರವೂ ಅಡಗಿರಬಹುದು. ನಮ್ಮ ಮಾವನವರ ನಾಚಿಕೆಯನ್ನು ನಾನು ಹಳಿಯುವುದಿಲ್ಲ. ಜೀವನವಿಡೀ ಮನೆಯವರನ್ನು ಹೊತ್ತ ಕಾಲುಗಳವು. ಅವು ಹೊರೆಯಾಗಬಾರದೆಂಬ ಭಯ ಅವರದು. ಆ ಭಯವನ್ನು ಕಳೆಯುವ ಕೆಲಸ ನಮ್ಮದಾಗಿತ್ತು.

ಇನ್ನೊಂದು ಮಾತು. ದಿವಂಗತ ವಿಶ್ವಗುರು ಫ್ರಾನ್ಸಿಸ್‌ರವರು 2013ರಲ್ಲಿ ರೋಮಿನ ಬಾಲಾಪರಾಧಿಗಳ ಸೆರೆಮನೆಯಲ್ಲಿ ಹೆಣ್ಣುಮಕ್ಕಳ ಪಾದಗಳನ್ನೂ ತೊಳೆದರು. 2016ರಲ್ಲಿ ಈ ವಿಧಿಗೆ ಸ್ತ್ರೀಯರನ್ನೂ ಆರಿಸಬಹುದೆಂದು ನಿಯಮವೇ ಆಯಿತು. ನಮ್ಮ ಮನೆಗಳಲ್ಲಿ ಆ ನಿಯಮ ಜಾರಿಗೆ ಬಂದಿದೆಯೇ? ಮುಂಜಾನೆ ಮಾರಿಕುಪ್ಪಂ ಕಡೆಯಿಂದ ಬರುವ ರೈಲಿನಲ್ಲಿ ಬೆಂಗಳೂರಿನವರೆಗೆ ನಿಂತೇ ಹೋಗಿ, ರಾತ್ರಿ ಬಂದು ಒಲೆಯ ಮುಂದೆ ಮತ್ತೆ ನಿಲ್ಲುವ ತಾಯಂದಿರ ಹಿಮ್ಮಡಿ ಒಡೆದು ರಕ್ತ ಬಂದರೂ ಕೇಳುವವರಿಲ್ಲ. ಮುದುಕರ ಪಾದ ನೋಡುವ ಕೆಲಸವನ್ನೂ ಅವಳೊಬ್ಬಳ ಮೇಲೆ ಹೊರಿಸಿದರೆ ಅದು ಸೇವೆಯಲ್ಲ, ಅನ್ಯಾಯ.

ಈಗ ನಮ್ಮ ಮನೆಯಲ್ಲಿ ರಾತ್ರಿ ಕುಟುಂಬ ಪ್ರಾರ್ಥನೆಯಾದ ಮೇಲೆ ಮೊಮ್ಮಗ ಕನ್ನಡಿ ಹಿಡಿಯುತ್ತಾನೆ, ನನ್ನ ಯಜಮಾನರು ತಂದೆಯ ಪಾದ ಒರೆಸುತ್ತಾರೆ. ಮೊದಮೊದಲು ಮಾವನವರು ಮುಖ ಆಚೆ ತಿರುಗಿಸಿಕೊಳ್ಳುತ್ತಿದ್ದರು. ಈಗ ತಾವೇ ಕಾಲು ಚಾಚುತ್ತಾರೆ. ಕಳೆದ ಪವಿತ್ರ ಗುರುವಾರ ಗುರುಗಳು ಮತ್ತೆ ಕರೆದಾಗ ಒಂಬತ್ತೇ ಬೆರಳುಗಳ ಆ ಪಾದಗಳನ್ನು ಎಲ್ಲರ ಮುಂದೆ ಒಡ್ಡಿದರು.

ಪ್ರಿಯ ಓದುಗರೇ, ಮುಂದಿನ ಪವಿತ್ರ ಗುರುವಾರದವರೆಗೆ ಕಾಯಬೇಡಿ. ಇಂದು ರಾತ್ರಿಯೇ ನಿಮ್ಮ ಮನೆಯ ಹಿರಿಯರ ಮುಂದೆ ಕುಳಿತು, "ನಿಮ್ಮ ಪಾದ ತೋರಿಸಿ" ಎಂದು ಕೇಳಿ. ಅವರು ಬೇಡವೆಂದರೆ ನಾಳೆ ಮತ್ತೆ ಕೇಳಿ. ನಿಮ್ಮನ್ನೇ ಯಾರಾದರೂ ಕೇಳಿದರೆ, ದಯವಿಟ್ಟು ಪಾದ ಹಿಂದೆಳೆದುಕೊಳ್ಳಬೇಡಿ.