ಗಾಜಿನ ನೆಲ, ತಿಳಿನೀರಿನ ಚಿತ್ರ

ಶಿಡ್ಲಘಟ್ಟದ ರೇಷ್ಮೆಗೂಡು ಮಾರುಕಟ್ಟೆಯಲ್ಲಿ ರೀಲರುಗಳು ರಾಶಿಯ ಮೇಲ್ಭಾಗವನ್ನು ನಂಬುವುದಿಲ್ಲ. ಕೈಯನ್ನು ಒಳಕ್ಕೆ ತೂರಿಸಿ ಅಡಿಯ ಗೂಡನ್ನು ಮೇಲೆತ್ತುತ್ತಾರೆ, ಕಿವಿಯ ಬಳಿ ಅಲುಗಾಡಿಸುತ್ತಾರೆ, ಕಲೆಯಿದೆಯೇ ಎಂದು ನೋಡುತ್ತಾರೆ. ಬೆಲೆ ಕೂಗುವುದು ಆಮೇಲೆ. ಆದರೆ ಅದೇ ರೀಲರು ಮಗಳ ಹೆಸರಿಗೊಂದು ನಿವೇಶನ ಕೊಳ್ಳಲು ಹೊರಟಾಗ ಅವರ ಮುಂದಿರುವುದು ಒಂದು ಬಣ್ಣದ ಚಿತ್ರ. ಅದರೊಳಗೆ ಕೈ ತೂರಿಸುವುದು ಹೇಗೆ?

ಚಿಕ್ಕಬಳ್ಳಾಪುರದ ಸುತ್ತಮುತ್ತ ಬಡಾವಣೆಗಳ ಬ್ರೋಷರುಗಳಲ್ಲಿ ಇಂಥ ಚಿತ್ರಗಳು ಸಾಮಾನ್ಯ. ಗಾಜಿನ ಗೋಡೆಯ ಮನೆ, ಎದುರಿಗೆ ತಳ ಕಾಣುವ ತಿಳಿನೀರು, ನೀರಿನಲ್ಲಿ ತಲೆಕೆಳಗಾದ ಮನೆ. ಫೋಟೋ ಎಂದೇ ಅನ್ನಿಸುತ್ತದೆ. ಆದರೆ ಅಲ್ಲಿ ಮನೆಯೂ ಇಲ್ಲ, ನೀರೂ ಇಲ್ಲ. ಇರುವುದು ಕಂಪ್ಯೂಟರಿನ ಲೆಕ್ಕಾಚಾರ.

ಆ ಲೆಕ್ಕ ಮಾತ್ರ ಪ್ರಾಮಾಣಿಕವಾದದ್ದು. ಪರದೆಯ ಪ್ರತಿ ಚುಕ್ಕೆಯಿಂದಲೂ ಒಂದು ಕಿರಣವನ್ನು ದೃಶ್ಯದೊಳಕ್ಕೆ ಕಳಿಸಿ, ಗಾಜಿಗೋ ನೀರಿಗೋ ತಾಗಿದಾಗ ಅದನ್ನು ಎರಡಾಗಿ ಒಡೆಯಲಾಗುತ್ತದೆ. ಒಂದು ಪುಟಿದು ಬರುತ್ತದೆ, ಇನ್ನೊಂದು ಬಾಗಿ ಒಳಹೋಗುತ್ತದೆ. ಟರ್ನರ್ ವಿಟೆಡ್ ಎಂಬವರು 1980ರಲ್ಲಿ ಈ ವಿಧಾನವನ್ನು ತೋರಿಸಿಕೊಟ್ಟರು. ಎಷ್ಟು ಬಾಗಬೇಕೆಂಬ ನಿಯಮ ಅದಕ್ಕಿಂತ ಸಾವಿರ ವರ್ಷ ಹಳೆಯದು. 984ರ ಸುಮಾರಿಗೆ ಬಗ್ದಾದಿನ ಇಬ್ನ್ ಸಹ್ಲ್ ಅದನ್ನು ಕಂಡುಕೊಂಡಿದ್ದರು. ಕೆರೆಯ ದಡದಲ್ಲಿ ನಿಂತು ಕಾಲ ಬುಡಕ್ಕೆ ನೋಡಿದರೆ ತಳ ಕಾಣುತ್ತದೆ, ದೂರಕ್ಕೆ ನೋಡಿದರೆ ಆಕಾಶ ಕಾಣುತ್ತದೆ. ಇಷ್ಟು ಸೂಕ್ಷ್ಮವನ್ನೂ ಸಾಫ್ಟ್‌ವೇರ್ ಬಿಡುವುದಿಲ್ಲ.

ಹಾಗಾದರೆ ಸುಳ್ಳು ಎಲ್ಲಿದೆ? ನೀರಿಗೆ ಕಂಪ್ಯೂಟರು ಬಳಸುವ ಸಂಖ್ಯೆ 1.33. ಗೌರಿಬಿದನೂರಿನ ಫ್ಲೋರೈಡ್ ತುಂಬಿದ ಕೊಳವೆಬಾವಿಯ ನೀರಿಗೂ ಅದೇ ಸಂಖ್ಯೆ. ಲೋಟದಲ್ಲಿ ಅದು ಕನ್ನಡಿಯಷ್ಟು ತಿಳಿ. ಹಲ್ಲು ಕಲೆಗಟ್ಟಿದ ಮೇಲೆಯೇ ಅದರ ಗುಣ ಗೊತ್ತಾಗುವುದು. ವರ್ಷವಿಡೀ ಹರಿಯುವ ನದಿ ಈ ಜಿಲ್ಲೆಗೆ ಇಲ್ಲ. ಎಷ್ಟೋ ಕೆರೆಗಳಿಗೆ ಈಗ ಬರುತ್ತಿರುವುದು ಹೆಬ್ಬಾಳ-ನಾಗವಾರ ಕಣಿವೆಯ ಎರಡು ಹಂತ ಸಂಸ್ಕರಿಸಿದ ಬೆಂಗಳೂರಿನ ಕೊಳಚೆ ನೀರು. ಇದ್ಯಾವುದೂ ಬ್ರೋಷರಿನ ನೀರಿನಲ್ಲಿ ಪ್ರತಿಫಲಿಸುವುದಿಲ್ಲ.

ಪವಿತ್ರ ಕುರ್‌ಆನಿನ ಅನ್ನಮ್ಲ್ ಅಧ್ಯಾಯದಲ್ಲಿ ಸಬಾದ ರಾಣಿಯ ಪ್ರಸಂಗವಿದೆ. ಪ್ರವಾದಿ ಸುಲೈಮಾನರ(ಅ) ಅರಮನೆಯ ಗಾಜಿನ ನೆಲವನ್ನು ನೀರೆಂದು ಭ್ರಮಿಸಿ ಆಕೆ ಉಡುಗೆಯನ್ನು ಮೇಲೆತ್ತುತ್ತಾರೆ. ಕೂಡಲೇ ಸುಲೈಮಾನರು, ಇದು ಗಾಜು ಎಂದು ತಿಳಿಸುತ್ತಾರೆ. ನಮಗೆ ಮುಖ್ಯವಾಗಿ ಕಾಣುವುದು ಆ 'ಕೂಡಲೇ'. ನೆಲ ಕಣ್ಣಿಗೆ ಮೋಸ ಮಾಡಿತು, ಮನುಷ್ಯರು ಮಾಡಲಿಲ್ಲ. ಆಕೆ ಕಳೆದುಕೊಂಡದ್ದು ಏನೂ ಇಲ್ಲ. ಆದ್ದರಿಂದ ಸಹಜತೆಯೇ ಪಾಪವೆಂದು ನಾವು ವಾದಿಸುವುದಿಲ್ಲ. ಜೀವಿಗಳ ಚಿತ್ರ ಬರೆಯಬಹುದೇ ಎಂಬ ವಿದ್ವಾಂಸರ ಹಳೆಯ ಚರ್ಚೆಯೂ ಇಲ್ಲಿಗೆ ತಾಗದು. ಇಲ್ಲಿರುವುದು ಗೋಡೆ ಮತ್ತು ನೀರು. ಆದರೆ ಅಷ್ಟಕ್ಕೇ ನಾವು ಪಾರಾದೆವು ಎಂದುಕೊಳ್ಳುವಂತಿಲ್ಲ.

ಪ್ರವಾದಿವರ್ಯರು(ಸ) ಒಮ್ಮೆ ಧಾನ್ಯದ ರಾಶಿಯೊಳಗೆ ಕೈಯಿಟ್ಟಾಗ ಬೆರಳಿಗೆ ಒದ್ದೆ ತಾಗಿತು. ಮಳೆ ಬಿದ್ದಿತ್ತು ಎಂದನು ವ್ಯಾಪಾರಿ. ಜನರಿಗೆ ಕಾಣುವಂತೆ ಒದ್ದೆಯದನ್ನು ಮೇಲಕ್ಕೇಕೆ ಇಡಲಿಲ್ಲ ಎಂದು ಅವರು ಕೇಳಿದರು. ಮಳೆಗೆ ವ್ಯಾಪಾರಿ ಹೊಣೆಯಲ್ಲ, ಕೊರತೆಯನ್ನು ಎಲ್ಲಿಟ್ಟ ಎಂಬುದಕ್ಕೆ ಹೊಣೆ. 'ಇದು ಕಲಾವಿದನ ಕಲ್ಪನೆ' ಎಂದು ಬ್ರೋಷರಿನ ಮೂಲೆಯಲ್ಲಿ ಇರುವೆ ಗಾತ್ರದ ಅಕ್ಷರಗಳಲ್ಲಿ ಅಚ್ಚಾಗುವ ಸಾಲು ರಾಶಿಯ ಅಡಿಯ ಒದ್ದೆಯಲ್ಲದೆ ಮತ್ತೇನು? ಜಾಹೀರಾತಿನ ಸುಳ್ಳು ಹೇಳಿಕೆ ನಂಬಿ ಮುಂಗಡ ಕೊಟ್ಟು ನಷ್ಟವಾದವರಿಗೆ ಪರಿಹಾರ ಕೊಡಬೇಕೆಂದು 2016ರ ರಿಯಲ್ ಎಸ್ಟೇಟ್ ಕಾಯ್ದೆಯ 12ನೇ ಸೆಕ್ಷನ್ ಹೇಳುತ್ತದೆ. ಒಳ್ಳೆಯದೇ. ಆದರೆ ಅದು ನಷ್ಟವಾದ ಮೇಲಿನ ಮಾತು.

ಕಂಪ್ಯೂಟರಿನ ಮುಂದೆ ಕುಳಿತ ಯುವಕ 'ಹೇಳಿದ್ದನ್ನು ಮಾಡಿದೆ' ಎನ್ನುತ್ತಾನೆ. ಅವನ ಹೊಟ್ಟೆಪಾಡು ನಮಗೆ ಅರ್ಥವಾಗುತ್ತದೆ. ಆದರೆ ಯಾವ ನೀರು ಲೆಕ್ಕದ್ದು, ಯಾವುದು ನೆಲದ್ದು ಎಂದು ಅವನಷ್ಟು ಬಲ್ಲವರು ಬೇರಿಲ್ಲ. ಅದೇ ಕೆರೆಯನ್ನು ಅವನು ಮೇ ತಿಂಗಳಿನಲ್ಲಿ ಇರುವಂತೆಯೂ ಬಿಡಿಸಬಲ್ಲ: ಬಿರುಕುಬಿಟ್ಟ ಮಣ್ಣು, ಜಾಲಿಗಿಡ. ಪಾರದರ್ಶಕತೆಯೂ ಬೇಡ, ಪ್ರತಿಬಿಂಬವೂ ಬೇಡ. ಯಂತ್ರಕ್ಕೂ ಕೆಲಸ ಬೇಗ ಮುಗಿಯುತ್ತದೆ.